ಸಿಗಿರಿಯದಲ್ಲಿ ಒಂದು ದಿನ: ಅತ್ತೆಯ ಮಂಡಿ, ಮಕ್ಕಳ ಹೊಟ್ಟೆ, ಬಂಡೆಯ ಬಿಸಿಲು

ಹಾಸನದಿಂದ ಶ್ರವಣಬೆಳಗೊಳಕ್ಕೆ ಹೊರಡಲು ಯಾರೂ ಪ್ಲಾನ್ ಹಾಕುವುದಿಲ್ಲ. ಒಂದು ಡಬ್ಬಿ ಚಿತ್ರಾನ್ನ, ನಾಲ್ಕು ಬಾಟಲಿ ನೀರು, ಮುಗಿಯಿತು. ಶ್ರೀಲಂಕಾಕ್ಕೂ ನಾವು ಹೆಚ್ಚುಕಡಿಮೆ ಅದೇ ಧೈರ್ಯದಲ್ಲಿ ಹೊರಟೆವು. ಊರಿಂದ ದೇವನಹಳ್ಳಿ ಏರ್‌ಪೋರ್ಟ್‌ಗೆ ಕಾರಿನಲ್ಲಿ ನಾಲ್ಕು ಗಂಟೆ, ಅಲ್ಲಿಂದ ಕೊಲಂಬೊಗೆ ವಿಮಾನದಲ್ಲಿ ಒಂದೂವರೆ ಗಂಟೆ. "ಫಾರಿನ್ನು ಹತ್ರ ಕಣ್ರೋ, ಬೆಂಗಳೂರೇ ದೂರ" ಅಂದರು ಮಾವ. ಗಡಿಯಾರದ ಮುಳ್ಳು ತಿರುಗಿಸುವ ಕೆಲಸವೂ ಇಲ್ಲ, ಅವರ ಟೈಮೂ ನಮ್ಮದೇ.

ನಾವು ಏಳು ಜನ. ಅರವತ್ತೆಂಟರ ಅತ್ತೆ, ಎಪ್ಪತ್ತು ದಾಟಿದ ಮಾವ, ನಾದಿನಿ, ನಾವಿಬ್ಬರು, ಹನ್ನೆರಡು ಮತ್ತು ಏಳು ವರ್ಷದ ಮಕ್ಕಳು. ದಸರಾ ರಜೆಯಲ್ಲಿ ಐದು ದಿನದ ರಸ್ತೆ ಪ್ರವಾಸ. ಎರಡನೇ ದಿನ ಸಿಗಿರಿಯದಲ್ಲಿದ್ದೆವು, ದೊಡ್ಡ ಬಂಡೆಯ ನೆತ್ತಿಯ ಮೇಲೆ ಹಳೇ ಅರಮನೆಯ ಕುರುಹಿರುವ ಊರು. ಅವತ್ತು ಸಿಗಿರಿಯದ ಬಂಡೆ, ಡಂಬುಲ್ಲದ ಗುಹೆ, ಮಿನ್ನೇರಿಯದ ಆನೆ ಎಂದು ಮೂರು ಜಾಗ ನೋಡಿದೆವು, ಎರಡು ನೋಡಿದ್ದರೆ ಸಾಕಿತ್ತು. ಆ ತಪ್ಪು ನೀವು ಮಾಡದಿರಲೆಂದು ಆ ದಿನವನ್ನು ಮತ್ತೊಮ್ಮೆ, ಈ ಸಲ ಸರಿಯಾಗಿ, ಕಟ್ಟಿ ಕೊಡುತ್ತಿದ್ದೇನೆ.

ಊರು ಬಿಡುವ ಮುಂಚೆ

ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳ ಅವಧಿ ಇದೆಯೇ ನೋಡಿಕೊಳ್ಳಿ. ಹಿರಿಯರದ್ದನ್ನು ಮೊದಲು ನೋಡಿ, ಯಾವತ್ತೋ ಮಾಡಿಸಿ ಬೀರುವಿನಲ್ಲಿ ಸೀರೆ ಕೆಳಗೆ ಇಟ್ಟಿರುತ್ತಾರೆ. ಇಟಿಎ ಅನ್ನುವ ಪ್ರವಾಸಿ ಅನುಮತಿಯನ್ನು ಶ್ರೀಲಂಕಾ ಸರ್ಕಾರದ ಜಾಲತಾಣದಲ್ಲೇ ಮಾಡಿ. ಹುಡುಕಿದಾಗ ಮೊದಲು ಕಣ್ಣಿಗೆ ಬೀಳುವುದು ಬಹುಪಾಲು ಮಧ್ಯವರ್ತಿಗಳದ್ದು, ಶುಲ್ಕದ ಮೇಲೆ ತಮ್ಮದೂ ಸೇರಿಸುತ್ತಾರೆ.

ಗಾಡಿ ವಿಚಾರ. ಅಲ್ಲೂ ಎಡಗಡೆಯೇ ಓಡಿಸುವುದು, ಹಾಗಾಗಿ "ನಾನೇ ಓಡಿಸ್ತೀನಿ" ಅನ್ನುವ ಆಸೆ ನಮ್ಮನೆಯವರಿಗೂ ಬಂದಿತ್ತು. ನಮ್ಮ ಆರ್‌ಟಿಒ ಆಫೀಸಿನಿಂದ ಅಂತರರಾಷ್ಟ್ರೀಯ ಪರ್ಮಿಟ್ ಮಾಡಿಸಿದರಷ್ಟೇ ಸಾಲದು, ಅಲ್ಲಿನದೇ ಇನ್ನೊಂದು ಒಪ್ಪಿಗೆಯೂ ಬೇಕು. ಐದು ದಿನಕ್ಕೆ ಅಷ್ಟು ರಗಳೆ ಏಕೆ? ಡ್ರೈವರ್ ಸಮೇತ ವ್ಯಾನ್ ಹಿಡಿಯಿರಿ. ಏಳೆಂಟು ಜನರಾದರೆ "ಕೆಡಿಎಚ್ ವ್ಯಾನ್" ಎಂದು ಕೇಳಿ, ಅಲ್ಲಿ ಎಲ್ಲರಿಗೂ ಅರ್ಥವಾಗುವ ಹೆಸರು ಅದು. ಮಾತು ಮುಗಿಸುವ ಮುನ್ನ ಮೂರು ವಿಷಯ ಬರವಣಿಗೆಯಲ್ಲಿ ತೆಗೆದುಕೊಳ್ಳಿ: ದಿನಕ್ಕೆ ಎಷ್ಟು ಕಿಲೋಮೀಟರ್ ಸೇರಿದೆ, ಡ್ರೈವರ್‌ನ ಊಟ ಮತ್ತು ರಾತ್ರಿ ಮಲಗುವ ವ್ಯವಸ್ಥೆ ಯಾರದ್ದು, ಪಾರ್ಕಿಂಗ್ ಯಾರ ಜೇಬಿನಿಂದ. ನಾಲ್ಕನೆಯದನ್ನು ನಗುನಗುತ್ತಾ ಬಾಯಲ್ಲೇ ಹೇಳಿ: ಮಸಾಲೆ ತೋಟ, ರತ್ನದ ಅಂಗಡಿ, ಮರದ ಕೆತ್ತನೆ ಅಂಗಡಿ ನಮಗೆ ಬೇಡ. ಏಲಕ್ಕಿ ಮೆಣಸು ನೋಡಲು ಸಕಲೇಶಪುರದ ಕಡೆಯವರು ಟಿಕೆಟ್ ಕೊಟ್ಟರೆ ಊರಲ್ಲಿ ನಗುತ್ತಾರೆ.

ದಿನ ಗೊತ್ತು ಮಾಡುವಾಗ ಪಂಚಾಂಗ ನೋಡಿ. ನಿಜವಾಗಿ ಹೇಳುತ್ತಿದ್ದೇನೆ. ಅಲ್ಲಿ ಪ್ರತಿ ಹುಣ್ಣಿಮೆಯೂ ಸರ್ಕಾರಿ ರಜೆ, "ಪೋಯ" ಅನ್ನುತ್ತಾರೆ. ಬಿಳಿ ಬಟ್ಟೆ ಉಟ್ಟ ಜನ ವಿಹಾರಗಳಿಗೆ ಸಾಲುಗಟ್ಟುತ್ತಾರೆ. ನೋಡಲು ಚೆಂದ, ವಯಸ್ಸಾದವರನ್ನು ಕೈಹಿಡಿದು ನಡೆಸಲು ಕಷ್ಟ. ಏಪ್ರಿಲ್ 13-14ರ ಹೊಸ ವರ್ಷದ ಸುತ್ತಮುತ್ತಲೂ ಬೇಡ. ಅಂಗಡಿ ಮುಚ್ಚಿರುತ್ತವೆ, ಡ್ರೈವರ್‌ಗಳು ಊರಿಗೆ ಹೋಗಿರುತ್ತಾರೆ. ಸಿಗಿರಿಯ ಇರುವುದು ಒಣ ಸೀಮೆಯಲ್ಲಿ. ಅಲ್ಲಿಗೆ ದೊಡ್ಡ ಮಳೆ ಬರುವುದು ನಮ್ಮ ಮುಂಗಾರಿನ ಕಾಲಕ್ಕಲ್ಲ, ಅಕ್ಟೋಬರ್ ಕೊನೆಯಿಂದ ಜನವರಿವರೆಗೆ.

ರಾತ್ರಿ ಎಲ್ಲಿ ಮಲಗುತ್ತೀರಿ ಎಂಬುದೇ ಅರ್ಧ ಪ್ರವಾಸ

ಕೊಲಂಬೊದಿಂದ ಬೆಳಗ್ಗೆ ಹೊರಟು ಸಿಗಿರಿಯ ನೋಡಿ ರಾತ್ರಿ ವಾಪಸ್ ಎನ್ನುವ ಪ್ಯಾಕೇಜ್‌ಗಳಿವೆ. ಮನೆಯಲ್ಲಿ ಹಿರಿಯರಿದ್ದರೆ ಅತ್ತ ತಲೆ ಹಾಕಬೇಡಿ. ವಿಮಾನ ನಿಲ್ದಾಣವಿರುವ ಕಟುನಾಯಕದಿಂದ ಸಿಗಿರಿಯದ ಪಕ್ಕದ ಡಂಬುಲ್ಲಕ್ಕೆ ದೂರ 140 ಕಿಲೋಮೀಟರ್ ಆಸುಪಾಸು, ನಮಗೆ ತಲುಪಲು ನಾಲ್ಕು ಗಂಟೆ ಹಿಡಿಯಿತು. ಊರೊಳಗೆ 50, ಊರಾಚೆ 70 ಕಿಲೋಮೀಟರ್ ವೇಗದ ಮಿತಿ, ಪೊಲೀಸರು ನಿಂತಿರುತ್ತಾರೆ, ಡ್ರೈವರ್ ಮೀರುವುದಿಲ್ಲ. ಜೀಬ್ರಾ ಪಟ್ಟೆಯ ಮೇಲೆ ಯಾರಾದರೂ ಕಾಲಿಟ್ಟರೆ ಬಸ್ಸೂ ನಿಲ್ಲುತ್ತದೆ! ನನ್ನ ಚಿಕ್ಕ ಮಗ ಅದನ್ನೇ ಆಟ ಮಾಡಿಕೊಂಡು ಮೂರು ಸಲ ದಾಟಿದ. ಲೆಕ್ಕ ಸುಲಭವಾಗಿರಲಿ: ಗಂಟೆಗೆ 35-40 ಕಿಲೋಮೀಟರ್. ಮ್ಯಾಪ್ ತೋರಿಸುವ ಸಮಯಕ್ಕೆ ಟೀ, ಬಾತ್‌ರೂಮು, ವಾಂತಿ, ಫೋಟೋ ಸೇರಿಸಿ.

ಡಂಬುಲ್ಲ, ಸಿಗಿರಿಯ, ಹಬರಣ ಈ ಮೂರು ಊರಲ್ಲಿ ಎಲ್ಲಾದರೂ ಎರಡು ರಾತ್ರಿ ಕೋಣೆ ಹಿಡಿಯಿರಿ. ಒಂದರಿಂದ ಇನ್ನೊಂದಕ್ಕೆ ಅರ್ಧ ಗಂಟೆ, ಮುಕ್ಕಾಲು ಗಂಟೆ. ನನಗೆ ಕೇಳಿದರೆ ಸಿಗಿರಿಯ ಹಳ್ಳಿಯೇ ಸರಿ. ಬೆಳಗಿನ ಜಾವದ ಅರ್ಧ ಗಂಟೆ ನಿದ್ದೆ ಮಕ್ಕಳಿಗೆ ಬಂಗಾರ.

ದುಡ್ಡು: ನಮ್ಮ ಒಂದು ರೂಪಾಯಿಗೆ ಅವರದ್ದು ಮೂರರ ಮೇಲೆ ಬರುತ್ತದೆ. ಊಟದ ಬಿಲ್ಲು ಆರು ಸಾವಿರ ಅಂದಾಗ ಮಾವನ ಮುಖ ನೋಡಬೇಕಿತ್ತು.

ಹಿಂದಿನ ರಾತ್ರಿ ಚೀಲ ಕಟ್ಟುವುದು

ಒಂದು ಚೀಲ ಹತ್ತುವವರದ್ದು, ಒಂದು ಕೆಳಗೆ ಕೂರುವವರದ್ದು. ಬೇರೆಬೇರೆ ಇರಲೇಬೇಕು. ನಾವು ಮಾವನ ಬಿಪಿ ಮಾತ್ರೆ ಹತ್ತುವವರ ಚೀಲದಲ್ಲಿ ಹಾಕಿಬಿಟ್ಟಿದ್ದೆವು. ಬಂಡೆಯ ಮೇಲೆ ನೆನಪಾಗಿ ಏನು ಪ್ರಯೋಜನ?

ಹತ್ತುವವರ ಚೀಲದಲ್ಲಿ ತಲೆಗೊಂದಾದರೂ ಲೀಟರ್ ನೀರು, ಟೋಪಿ, ಓಆರ್‌ಎಸ್ ಪೊಟ್ಟಣ, ಎಲ್ಲರ ಪಾಸ್‌ಪೋರ್ಟ್. ಪಾಸ್‌ಪೋರ್ಟ್ ಏಕೆಂದರೆ ಸಾರ್ಕ್ (ನಮ್ಮ ದೇಶವೂ ಇರುವ ದಕ್ಷಿಣ ಏಷ್ಯಾದ ಒಕ್ಕೂಟ) ದೇಶದವರಿಗೆ ಸಿಗಿರಿಯದಲ್ಲಿ ಟಿಕೆಟ್ ದರ ಬೇರೆ ವಿದೇಶಿಯರಿಗಿಂತ ತುಂಬ ಕಡಿಮೆ, ಮಕ್ಕಳಿಗೆ ಇನ್ನೂ ಕಡಿಮೆ. ಮುಖ ನೋಡಿ ಯಾರೂ ಕೊಡುವುದಿಲ್ಲ, ಕೇಳಿ ಪಡೆಯಬೇಕು. ತಿಂಡಿ ಮೇಲೆ ಒಯ್ಯಬೇಡಿ. ಕೋತಿಗಳ ವಿಷಯದಲ್ಲಿ ಸಿಗಿರಿಯಕ್ಕೂ ನಮ್ಮ ಊರಿನ ಗುಡ್ಡದ ದೇವಸ್ಥಾನಗಳಿಗೂ ಏನೂ ವ್ಯತ್ಯಾಸವಿಲ್ಲ. ಕೆಳಗಿನವರ ಚೀಲದಲ್ಲಿ ಮಾತ್ರೆ, ಬಿಸ್ಕತ್ತು, ಸೊಳ್ಳೆ ಮುಲಾಮು, ಹಾಸಲು ಒಂದು ಹಳೇ ಪಂಚೆ, ಚಾರ್ಜ್ ಇರುವ ಫೋನು. ಏರ್‌ಪೋರ್ಟ್‌ನಲ್ಲಿ ಸಿಮ್ ತೆಗೆದುಕೊಳ್ಳುವಾಗ ಎರಡು ತೆಗೆದುಕೊಳ್ಳಿ. ಕುಟುಂಬ ಎರಡು ಭಾಗವಾಗುವ ದಿನ ಇದು.

ಬೆಳಗ್ಗೆ: ಬಾಗಿಲು ತೆರೆಯುವ ಮೊದಲೇ ಅಲ್ಲಿರಿ

ಶ್ರವಣಬೆಳಗೊಳದ ದೊಡ್ಡಬೆಟ್ಟ ಹತ್ತಿದವರಿಗೆ ಸಿಗಿರಿಯವನ್ನು ವಿವರಿಸುವುದು ಸುಲಭ. ಅಲ್ಲಿ ಮೆಟ್ಟಿಲು ಆರುನೂರು ಚಿಲ್ಲರೆ, ಇಲ್ಲಿ ಸುಮಾರು 1200. ಅಲ್ಲಿ ಬರಿಗಾಲು, ಇಲ್ಲಿ ಶೂ ಹಾಕಬಹುದು. ಅಲ್ಲಿ ಹತ್ತಲಾಗದವರಿಗೆ ಡೋಲಿ ಉಂಟು, ಇಲ್ಲಿಲ್ಲ. "ಕೈ ಹಿಡಿದು ಹತ್ತಿಸುತ್ತೇವೆ" ಎಂದು ಪಕ್ಕಕ್ಕೆ ಬಂದು ಸೇರುವವರಿದ್ದಾರೆ, ಕೊನೆಗೆ ಕೇಳುವ ಮೊತ್ತ ಮಾತ್ರ ಮೊದಲು ಹೇಳುವುದಿಲ್ಲ. ಬೇಡವಾದರೆ ಮೊದಲ ಮೆಟ್ಟಿಲಲ್ಲೇ ಬೇಡ ಎನ್ನಿ.

ಬಂಡೆಯ ಎತ್ತರ ಸುತ್ತಲಿನ ನೆಲದಿಂದ ಸುಮಾರು 600 ಅಡಿ. ತಂದೆ ಧಾತುಸೇನನನ್ನು ಕೊಂದು ಪಟ್ಟಕ್ಕೆ ಬಂದ ಕಾಶ್ಯಪ, ಕ್ರಿ.ಶ. 477ರಿಂದ 495ರವರೆಗೆ ಆಳಿದವನು, ಇದರ ನೆತ್ತಿಯ ಮೇಲೆ ಅರಮನೆ ಕಟ್ಟಿಕೊಂಡ. ಪಟ್ಟ ನ್ಯಾಯವಾಗಿ ಸೇರಬೇಕಿದ್ದ ತಮ್ಮ ಮೊಗ್ಗಲಾನ ತಪ್ಪಿಸಿಕೊಂಡು ಭಾರತಕ್ಕೆ ಬಂದಿದ್ದ. ಒಂದಲ್ಲ ಒಂದು ದಿನ ಸೈನ್ಯ ಕಟ್ಟಿಕೊಂಡು ಬರುತ್ತಾನೆ ಎಂಬ ಭಯದಲ್ಲೇ ಹದಿನೆಂಟು ವರ್ಷ ಕಳೆಯಿತು. ಕೊನೆಗೆ ಬಂದೂ ಬಂದ. ಈ ಕತೆಯನ್ನು ಮಕ್ಕಳಿಗೆ ವ್ಯಾನಿನಲ್ಲೇ ಹೇಳಿಬಿಡಿ. ನನ್ನ ಮಗಳು ಹತ್ತುವಷ್ಟು ಹೊತ್ತೂ "ಮೊಗ್ಗಲಾನ ಯಾವ ಕಡೆಯಿಂದ ಬಂದಿರ್ತಾನೆ" ಎಂದು ದಿಕ್ಕು ನೋಡುತ್ತಿದ್ದಳು, ಕಾಲುನೋವು ಮರೆತೇ ಹೋಗಿತ್ತು.

ಹೆಜ್ಜೆ ಹೀಗಿರಲಿ. ಟಿಕೆಟ್ ಪಡೆದು ಕಂದಕ ದಾಟಿದರೆ ನೀರಿನ ಉದ್ಯಾನ. ನೇರ ದಾರಿ, ಮಟ್ಟ ನೆಲ. ಹಿರಿಯರನ್ನೂ ಇಲ್ಲಿಯವರೆಗೆ ಕರೆದುಕೊಂಡು ಬನ್ನಿ. ಒಂದೂವರೆ ಸಾವಿರ ವರ್ಷದ ಹಿಂದಿನ ಕಾರಂಜಿಗಳಲ್ಲಿ ಕೆಲವು ಜೋರು ಮಳೆ ಬಂದಾಗ ಈಗಲೂ ಚಿಮ್ಮುತ್ತವೆ. ಮುಂದೆ ಗುಂಡುಕಲ್ಲುಗಳ ನಡುವೆ ಮೆಟ್ಟಿಲು ಶುರು. ಹತ್ತದವರು ಇಲ್ಲೇ ನಿಲ್ಲಲಿ. ಹೋಗುವಾಗ ತಿರುಗಿ ನೋಡಬೇಡಿ, "ನೀನೂ ಒಂದಿಷ್ಟು ಹತ್ತು ಅಮ್ಮಾ" ಎಂದು ಎಳೆಯಲೂಬೇಡಿ. ಇಳಿಯುವಾಗ ಮಂಡಿ ಹಿಡಿದುಕೊಂಡರೆ ಉಳಿದ ಮೂರು ದಿನದ ಪ್ರವಾಸ ಮುಗಿದಂತೆ.

ಅರ್ಧ ದಾರಿಯಲ್ಲಿ ಸುರುಳಿ ಕಬ್ಬಿಣದ ಮೆಟ್ಟಿಲಿದೆ, ಹತ್ತಿದರೆ ಪ್ರಸಿದ್ಧ ಚಿತ್ರಗಳು. ಕಮಲ ಹಿಡಿದ, ಸೊಂಟದವರೆಗೆ ಮೋಡದಲ್ಲಿ ಮುಳುಗಿದ ಹೆಂಗಸರು. ಇಲ್ಲಿ ಫೋಟೋ ತೆಗೆಯುವಂತಿಲ್ಲ, ಫೋನ್ ಚೀಲದೊಳಗೇ ಇರಲಿ. ಬೇಲೂರಿನ ಮದನಿಕೆಯರನ್ನು ಕತ್ತೆತ್ತಿ ನೋಡಿ ರೂಢಿಯಾದ ನನಗೆ ಇವರನ್ನು ಕಣ್ಣಿಗೆ ಕಣ್ಣಿಟ್ಟು ನೋಡುವುದೇ ವಿಚಿತ್ರವೆನಿಸಿತು. ಕಲ್ಲಿನಲ್ಲಿ ಆಭರಣ ಕಾಣುತ್ತದೆ, ಇಲ್ಲಿ ಚರ್ಮದ ಬಣ್ಣ ಕಾಣುತ್ತದೆ. ಕೆಳಗಿಳಿದರೆ ಕನ್ನಡಿ ಗೋಡೆ. ಹಿಂದೆ ಮುಖ ಕಾಣುವಷ್ಟು ನುಣುಪಾಗಿತ್ತಂತೆ. ಎಂಟರಿಂದ ಹತ್ತನೇ ಶತಮಾನದ ಯಾತ್ರಿಕರು ಇದರ ಮೇಲೆ ಆ ಹೆಂಗಸರನ್ನು ಕುರಿತು ಪದ್ಯ ಗೀಚಿದ್ದಾರೆ. ಸೇನರತ್ ಪರಣವಿತಾನ ಎಂಬ ವಿದ್ವಾಂಸರು ಅಂಥ 685 ಪದ್ಯ ಓದಿ 1956ರಲ್ಲಿ ಪ್ರಕಟಿಸಿದರು. ಗೋಡೆ ಮೇಲೆ ಗೀಚುವುದು ನಮ್ಮ ಕಾಲದ ಕಾಯಿಲೆಯಲ್ಲ ಎಂದಾಯಿತು. ಆದರೂ ಮಕ್ಕಳ ಕೈ ಹಿಡಿದುಕೊಂಡಿರಿ.

ಆಮೇಲೆ ಸಿಂಹದ ಪಾದದ ಜಗಲಿ. ಸಿಂಹ ಬಿದ್ದುಹೋಗಿದೆ, ಎರಡು ಪಂಜ ಮಾತ್ರ ಉಳಿದಿವೆ. ಇಲ್ಲಿ ಕಣಜದ ಗೂಡುಗಳಿವೆ, "ಸದ್ದು ಮಾಡಬೇಡಿ" ಎಂಬ ಫಲಕವಿದೆ. ತೋಟದಲ್ಲಿ ಹೆಜ್ಜೇನಿನ ಅನುಭವ ಇರುವವರಿಗೆ ಬಿಡಿಸಿ ಹೇಳಬೇಕಿಲ್ಲ. ಘಾಟಿ ಸೆಂಟು ಹಾಕಿಕೊಂಡು ಹೋಗಬೇಡಿ. ಕೊನೆಯ ಕಬ್ಬಿಣದ ಮೆಟ್ಟಿಲು ಬಂಡೆಗೆ ಅಂಟಿಕೊಂಡಿದೆ, ಎತ್ತರಕ್ಕೆ ತಲೆ ಸುತ್ತುವವರು ಈ ಜಗಲಿಯಲ್ಲೇ ಕೂರುವುದು ಮರ್ಯಾದೆಗೆ ಕಡಿಮೆಯೇನಲ್ಲ. ನನ್ನ ನಾದಿನಿ ಕೂತಳು. ಮೇಲೆ ಸುಮಾರು ನಾಲ್ಕು ಎಕರೆ ಜಾಗ, ಇಟ್ಟಿಗೆಯ ಅಡಿಪಾಯ, ಬಂಡೆಯಲ್ಲೇ ಕೊರೆದ ಕೊಳ, ನಾಲ್ಕೂ ದಿಕ್ಕಿಗೆ ಕಾಡು. ನೆರಳು ಎನ್ನುವುದು ಇಲ್ಲವೇ ಇಲ್ಲ. ಒಂಬತ್ತರೊಳಗೆ ಇಳಿಯಲು ಶುರು ಮಾಡಿ.

ಈಗ ಮುಖ್ಯವಾದ ಮಾತು: ಇಳಿದು ಹೊರಬರುವ ದಾರಿ ಬೇರೆ. ಒಳಗೆ ಹೋದ ಬಾಗಿಲಿಗೆ ಬರುವುದಿಲ್ಲ, ಅಂಗಡಿ ಸಾಲು ದಾಟಿ ಇನ್ನೊಂದು ಪಾರ್ಕಿಂಗ್‌ಗೆ ತಲುಪುತ್ತೀರಿ. ಕೆಳಗೆ ಕೂತವರನ್ನು ಎಲ್ಲಿ ಸೇರುವುದು, ವ್ಯಾನ್ ಎಲ್ಲಿ ನಿಲ್ಲಬೇಕು ಎಂಬುದನ್ನು ಹತ್ತುವ ಮೊದಲೇ ಡ್ರೈವರ್ ಎದುರಿಗೆ ಮಾತಾಡಿಕೊಳ್ಳಿ.

ಹತ್ತದವರು ಆ ಮೂರು ಗಂಟೆ ಏನು ಮಾಡುತ್ತಾರೆ

ಉದ್ಯಾನದಲ್ಲಿ ಒಂದು ಸುತ್ತು, ಆಮೇಲೆ ಮ್ಯೂಸಿಯಂ. ಅದೇ ಟಿಕೆಟ್‌ನಲ್ಲಿ ಸೇರಿದೆ, ಕನ್ನಡಿ ಗೋಡೆಯ ಕತೆಯೂ ಅಲ್ಲಿದೆ. ಚಿತ್ರಗಳ ಪ್ರತಿ ಕೂಡ ಇರುವುದರಿಂದ ಮೇಲೆ ಹತ್ತಿದವರಿಗಿಂತ ನಿಧಾನವಾಗಿ ನೋಡಬಹುದು.

ನಮ್ಮ ಅತ್ತೆ ಅದ್ಯಾವುದನ್ನೂ ಮಾಡಲಿಲ್ಲ. ನಾವು ಬೆವರು ಸುರಿಸಿಕೊಂಡು ಇಳಿದು ಬಂದಾಗ ಎಳನೀರು ಮಾರುವ ಹೆಂಗಸಿನ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದರು. ಇವರದ್ದು ಕನ್ನಡ, ಅವಳದ್ದು ಸಿಂಹಳ. ಅಲ್ಲಿಯ ಎಳನೀರು ಕೇಸರಿ ಬಣ್ಣದ್ದು, "ತಂಬಿಲಿ" ಅನ್ನುತ್ತಾರೆ. ಅತ್ತೆ ಅರಸೀಕೆರೆ ಕಡೆಯ ತೆಂಗಿನ ತೋಟದ ಮಗಳು. ಕುಡಿದು ಮುಗಿದ ಬುರುಡೆ ವಾಪಸ್ ಕೊಟ್ಟು ಬೆರಳಿನಲ್ಲಿ ಸೀಳುವಂತೆ ಸನ್ನೆ ಮಾಡಿದರಂತೆ. ಅವಳು ಒಂದೇ ಏಟಿಗೆ ಹೋಳು ಮಾಡಿ, ಸಿಪ್ಪೆಯ ಅಂಚಿನಿಂದ ಒಂದು ಚೂರು ಕೆತ್ತಿ ಚಮಚ ಮಾಡಿ ಕೈಗಿಟ್ಟಳು. "ನೋಡೇ, ಥೇಟ್ ನಮ್ಮೂರಿನೋಳೇ. ಗಂಜಿ ತೆಗೆಯೋಕೆ ಚಮಚಾನೂ ಅಲ್ಲಿಂದಾನೇ ಮಾಡಿಕೊಟ್ಲು" ಎಂದು ನನಗೆ ಆ ಚೂರು ತೋರಿಸಿದರು. ಅದು ಅವರ ಪರ್ಸಿನಲ್ಲಿ ಹಾಸನದವರೆಗೆ ಬಂತು.

ಹತ್ತೂವರೆಗೆ ತಿಂಡಿ: ಸಸ್ಯಾಹಾರಿಗಳೇ, ಇಲ್ಲಿ ಗಮನವಿಡಿ

ಮೀನು ತಿನ್ನುವವರಿಗೆ ಈ ದೇಶ ಸ್ವರ್ಗ, ಈ ಭಾಗ ಹಾರಿಸಿ ಮುಂದೆ ಹೋಗಿ.

ಸಸ್ಯಾಹಾರಿಗಳಿಗೆ ತೊಂದರೆ ಕಣ್ಣಿಗೆ ಕಾಣುವ ಮೀನಿನದ್ದಲ್ಲ, ಕಾಣದ್ದರದ್ದು. ಒಣಗಿಸಿದ ಮೀನಿನ ಪುಡಿ, "ಉಂಬಲಕಡ", ನಾವು ಒಗ್ಗರಣೆಗೆ ಇಂಗು ಹಾಕಿದಷ್ಟು ಸಲೀಸಾಗಿ ಬೀಳುತ್ತದೆ. ತೆಂಗಿನಕಾಯಿ ಚಟ್ನಿಯಂಥ "ಪೊಲ್ ಸಂಬೊಲ್" ನೋಡಿದರೆ ನಮ್ಮದೇ ಕೆಂಪು ಚಟ್ನಿ, ಬಹಳ ಸಲ ಅದರಲ್ಲಿ ಈ ಪುಡಿ ಇರುತ್ತದೆ. "ವೆಜ್" ಎಂದಷ್ಟೇ ಹೇಳಿದರೆ ಸಾಲದು. "ಮಸ್, ಮಾಳು, ಬಿತ್ತರ, ಉಂಬಲಕಡ ಎಪಾ" ಎನ್ನಿ: ಮಾಂಸ, ಮೀನು, ಮೊಟ್ಟೆ, ಆ ಪುಡಿ ಬೇಡ. ಈ ಒಂದು ವಾಕ್ಯ ಸಿಂಹಳದಲ್ಲಿ ಬರೆಸಿಕೊಂಡು ಫೋನಿನಲ್ಲಿ ಇಟ್ಟುಕೊಳ್ಳಿ. ನಾವು ಹೋಟೆಲಿನವರ ಹತ್ತಿರವೇ ಬರೆಸಿಕೊಂಡೆವು.

ಧೈರ್ಯವಾಗಿ ತಿನ್ನಬಹುದಾದದ್ದು "ಇಂದಿಅಪ್ಪ", ಅಂದರೆ ನಮ್ಮ ಒತ್ತು ಶಾವಿಗೆಯ ತಮ್ಮ. ಜೊತೆಗೆ ತೆಂಗಿನ ಹಾಲಿನ "ಕಿರಿ ಹೊದಿ", "ಪರಿಪ್ಪು" ಎಂಬ ತೊಗರಿಯಲ್ಲದ ಮಸೂರ ಬೇಳೆ ಸಾರು. ಎರಡಕ್ಕೂ ಆ ಪುಡಿಯ ಪ್ರಶ್ನೆ ಕೇಳಿಯೇ ಬಡಿಸಿಕೊಳ್ಳಿ. ಕೊನೆಗೆ ಮಣ್ಣಿನ ಕುಡಿಕೆಯ ಎಮ್ಮೆ ಮೊಸರು, ಅದರ ಮೇಲೆ "ಕಿತುಲ್" ಪಾಕ. ಕಿತುಲ್ ಏನು ಗೊತ್ತೇ? ನಮ್ಮ ಮಲೆನಾಡಿನ ಬೈನೆ ಮರ. ಮಾವ ಹಿಡಿ ಹಿಡಿ ಮೊಸರು ತಿಂದು, "ಅಲ್ಲಾ, ನಾವು ಆನೆಗೆ ಬಿಟ್ಟಿರೋ ಮರ ಇದು" ಎಂದರು.

ಕಾಫಿ ಮಾತ್ರ ನಂಬಬೇಡಿ. ಒಂದು ಕಾಲದಲ್ಲಿ ಸಿಲೋನ್ ಎಂದರೆ ಕಾಫಿಯೇ ಆಗಿತ್ತು. 1869ರಲ್ಲಿ ಕಾಣಿಸಿಕೊಂಡ ಎಲೆ ತುಕ್ಕು ರೋಗ ತೋಟಗಳನ್ನು ಬರಿದು ಮಾಡಿದ ಮೇಲೆ ಅವರು ಟೀಗೆ ತಿರುಗಿದರು. ಚಿಕ್ಕಮಗಳೂರು, ಸಕಲೇಶಪುರದವರು ಅದೇ ತುಕ್ಕಿನ ಜೊತೆ ಗುದ್ದಾಡಿಕೊಂಡು ಕಾಫಿಯನ್ನೇ ಹಿಡಿದು ಕೂತೆವು. ಹಾಗಾಗಿ ಪುಡಿ ಮತ್ತು ಒಂದು ಚಿಕ್ಕ ಫಿಲ್ಟರ್ ಜೊತೆಗಿರಲಿ.

ಮಧ್ಯಾಹ್ನ: ಏನೂ ಮಾಡಬೇಡಿ

ಹನ್ನೊಂದೂವರೆಯಿಂದ ಎರಡೂವರೆವರೆಗೆ ಕೋಣೆ, ಫ್ಯಾನು, ನಿದ್ದೆ. ನಾವು ಈ ಹೊತ್ತಿನಲ್ಲಿ ಡಂಬುಲ್ಲಕ್ಕೆ ಓಡಿದೆವು, ಅದೇ ತಪ್ಪು.

ಡಂಬುಲ್ಲದ ಗುಹೆಗಳು ನೋಡಲೇಬೇಕಾದವು, ಅನುಮಾನವಿಲ್ಲ. ಐದು ಗುಹೆ, ನೂರೈವತ್ತರ ಆಸುಪಾಸು ಬುದ್ಧನ ಮೂರ್ತಿ, ತಲೆ ಎತ್ತಿದಲ್ಲೆಲ್ಲ ಬಣ್ಣ. ಕ್ರಿ.ಪೂ. ಮೊದಲ ಶತಮಾನದಲ್ಲಿ ರಾಜ್ಯ ಕಳೆದುಕೊಂಡ ವಲಗಂಬ ರಾಜ ಇಲ್ಲಿ ಅಡಗಿದ್ದು, ಗೆದ್ದ ಮೇಲೆ ಇದನ್ನೇ ವಿಹಾರ ಮಾಡಿದನಂತೆ. ಆದರೆ ಚಪ್ಪಲಿ ಬಿಟ್ಟು ಬಂಡೆ ಮೇಲೆ ನಡೆಯಬೇಕು. ಮಧ್ಯಾಹ್ನ ಒಂದು ಗಂಟೆಗೆ! ಚಿಕ್ಕವನನ್ನು ನಮ್ಮನೆಯವರು ಹೆಗಲ ಮೇಲೆ ಹೊತ್ತರು. ಅದಕ್ಕೂ ಮೊದಲು ಇನ್ನೊಂದು ಎಡವಟ್ಟು. ರಸ್ತೆ ಪಕ್ಕ ಹೊಳೆಯುವ ಚಿನ್ನದ ಬುದ್ಧನನ್ನು ನೋಡಿ ಅಲ್ಲೇ ಇಳಿದು, ಪಕ್ಕದ ಮೆಟ್ಟಿಲು ಹತ್ತಿ ಮೇಲೆ ಹೋದೆವು. ಬಾಗಿಲಲ್ಲಿ ಟಿಕೆಟ್ ಕೇಳಿದರು. ಕೌಂಟರ್ ಇರುವುದು ಬೆಟ್ಟದ ಇನ್ನೊಂದು ಬದಿಯ ಪಾರ್ಕಿಂಗ್‌ನಲ್ಲಿ, ಕೆಳಗೆ. ಒಬ್ಬರು ಇಳಿದು, ತಂದು, ಮತ್ತೆ ಹತ್ತುವಷ್ಟರಲ್ಲಿ ಮುಕ್ಕಾಲು ಗಂಟೆ. "ಟಿಕೆಟ್ ಕೌಂಟರ್ ಇರುವ ಕಡೆಯೇ ನಿಲ್ಲಿಸಿ" ಎಂದು ಮೊದಲೇ ಹೇಳಿ. ಮಂಡಿ, ಭುಜ ಮುಚ್ಚುವ ಬಟ್ಟೆ, ಚೀಲದಲ್ಲಿ ಒಂದೊಂದು ಜೊತೆ ಕಾಲುಚೀಲ ಇರಲಿ. ಬುದ್ಧನಿಗೆ ಬೆನ್ನು ಹಾಕಿ ಸೆಲ್ಫಿ ತೆಗೆಯುವುದನ್ನು ಅಲ್ಲಿ ಅವಮಾನವೆಂದೇ ಎಣಿಸುತ್ತಾರೆ.

ಸಂಜೆ: ಎರಡರಲ್ಲಿ ಒಂದು

ಜುಲೈನಿಂದ ಸೆಪ್ಟೆಂಬರ್ ಕೊನೆವರೆಗೆ ಹೋದರೆ ಮಿನ್ನೇರಿಯದ ಆನೆಗಳು. ಬೇರೆ ತಿಂಗಳಾದರೆ ನಾಲ್ಕು ಗಂಟೆಗೆ ಬಂಡೆ ತಣಿದ ಮೇಲೆ ಡಂಬುಲ್ಲ. ಅದನ್ನು ಮರುದಿನ ಬೆಳಗ್ಗೆಗೆ ಇಟ್ಟರೂ ನಡೆಯುತ್ತದೆ, ಕ್ಯಾಂಡಿಗೆ ಹೋಗುವ ರಸ್ತೆಯಲ್ಲೇ ಇದೆ.

"ಪೊಲೊನ್ನರುವ ಕೂಡ ಹತ್ತಿರವಂತೆ" ಎಂದು ಯಾರೋ ಒಬ್ಬರು ಎತ್ತುತ್ತಾರೆ, ನಮ್ಮಲ್ಲಿ ನಾನೇ ಎತ್ತಿದ್ದೆ. ನಮ್ಮ ಜಿಲ್ಲೆಯವರಿಗೆ ಸೆಳೆತವೂ ಸಹಜ. ಅಲ್ಲಿ ರಾಜಧಾನಿ ಮಾಡಿಕೊಂಡಿದ್ದ ಚೋಳರನ್ನು ಸಿಂಹಳ ರಾಜ ವಿಜಯಬಾಹು 1070ರಲ್ಲಿ ಹೊರಗಟ್ಟಿದ. ಅದಾಗಿ ಐವತ್ತು ವರ್ಷದೊಳಗೆ ಅದೇ ಚೋಳರನ್ನು ನಮ್ಮ ವಿಷ್ಣುವರ್ಧನ ತಲಕಾಡಿನಿಂದ ಕಿತ್ತ. ಆ ಗೆಲುವಿನ ನೆನಪಿಗೆ 1117ರ ಬೇಲೂರು ಎನ್ನುತ್ತಾರೆ. ಆದರೆ ಅದು ಅರ್ಧ ದಿನ ಕೇಳುವ ಊರು. ಇನ್ನೊಂದು ರಾತ್ರಿ ಉಳಿಯುವುದಾದರೆ ಮಾತ್ರ ಸೇರಿಸಿ.

ಮಿನ್ನೇರಿಯ ಮೂರನೇ ಶತಮಾನದಲ್ಲಿ ಮಹಾಸೇನ ರಾಜ ಕಟ್ಟಿಸಿದ ಕೆರೆ. ಅಲ್ಲಿನ ಒಣ ತಿಂಗಳುಗಳಲ್ಲಿ ನೀರು ಹಿಂದೆ ಸರಿದಾಗ ಅಂಗಳದಲ್ಲಿ ಹಸಿ ಹುಲ್ಲು ಬರುತ್ತದೆ, ಸುತ್ತಲ ಕಾಡಿನ ಆನೆಗಳೆಲ್ಲ ಅದಕ್ಕೆ ಇಳಿಯುತ್ತವೆ. ಜೀಪನ್ನು ತಲೆ ಲೆಕ್ಕದಲ್ಲಿ ಅಲ್ಲ, ಇಡಿಯಾಗಿ ಹಿಡಿಯಿರಿ. ಗೇಟಿನ ಟಿಕೆಟ್ ಸೇರಿದೆಯೋ ಇಲ್ಲವೋ ಕೇಳಿ, ಸಾಮಾನ್ಯವಾಗಿ ಸೇರಿರುವುದಿಲ್ಲ. ಮೂರು ಗಂಟೆಗೆ ಒಳಗಿರಿ. ಅವತ್ತು ಆನೆಗಳು ಬೇರೆ ಕಡೆ ಸೇರಿದ್ದರೆ ಜೀಪಿನವರೇ ಹತ್ತಿರದ ಇನ್ನೆರಡು ಕಾಡುಗಳಾದ ಕೌಡುಲ್ಲಕ್ಕೋ ಹುರುಳುಗೋ ಕರೆದುಕೊಂಡು ಹೋಗುತ್ತಾರೆ, ಹಟ ಮಾಡಬೇಡಿ. ಹಿರಿಯರನ್ನು ಮುಂದಿನ ಸೀಟಿಗೆ ಕೂರಿಸಿ, ಹಿಂದೆ ಕುಲುಕಾಟ ಜಾಸ್ತಿ.

ಕೆರೆ ಅಂಗಳದಲ್ಲಿ ಮರಿಗಳ ಸಮೇತ ಮೂವತ್ತು ನಲವತ್ತು ಆನೆ. ಪಕ್ಕದ ಜೀಪಿನ ಬಿಳಿಯರು ಉಸಿರು ಬಿಗಿ ಹಿಡಿದಿದ್ದರು. ಮಾವ ಒಂದು ನಿಮಿಷ ನೋಡಿ, "ಇದಕ್ಕೆ ಡಾಲರ್ ಕೊಟ್ಟಿದೀವಾ? ಆಲೂರಲ್ಲಿ ನಮ್ಮ ಅಣ್ಣನ ಗದ್ದೆಗೇ ಬತ್ತವಲ್ಲೋ" ಎಂದರು. ಫಾರೆಸ್ಟ್‌ನವರ "ಆನೆ ಬಂದಿದೆ" ಸಂದೇಶ ಮೊಬೈಲಿಗೆ ಬಂದಾಗ ಮಕ್ಕಳನ್ನು ಒಳಗೆ ಕರೆದು ಚಿಲಕ ಹಾಕುವವರು ನಾವು. ಸ್ವಲ್ಪ ಹೊತ್ತಿನ ನಂತರ ನೋಡಿದರೆ ಮಾವ ಎದ್ದು ನಿಂತು, ಜೀಪಿನ ಕಂಬಿ ಹಿಡಿದು, ಮರಿಯೊಂದು ಸೊಂಡಿಲಿನಿಂದ ಹುಲ್ಲು ಕೀಳಲು ಬಾರದೆ ಕಾಲಿನಿಂದ ಒದ್ದು ಒದ್ದು ಬಿಡಿಸುವುದನ್ನೇ ನೋಡುತ್ತಿದ್ದರು. "ಪಟಾಕಿ ಹೊಡೆಯೋರಿಲ್ಲದೆ ಎಷ್ಟ್ ಸಮಾಧಾನವಾಗಿ ಮೇಯ್ತವೆ ನೋಡು."

ಕತ್ತಲಾಗುವ ಮೊದಲು ಕೋಣೆ ಸೇರಿ. ಹಬರಣ ಸುತ್ತಲಿನ ರಸ್ತೆಗಳಿಗೆ ರಾತ್ರಿ ಕಾಡಾನೆ ಇಳಿಯುತ್ತವೆ, ನಮ್ಮ ಡ್ರೈವರ್ ಆರೂವರೆಯಿಂದಲೇ ಗಡಿಯಾರ ನೋಡಲು ಶುರು ಮಾಡಿದ್ದ. ದಾರಿಯಲ್ಲಿ ಆನೆ ನಿಂತಿದ್ದರೆ ಇಳಿಯಬೇಡಿ, ಹಣ್ಣು ಎಸೆಯಬೇಡಿ, ಫ್ಲ್ಯಾಶ್ ಹಾಕಬೇಡಿ. ಹೋಟೆಲಿನಲ್ಲಿ ಬಿಸಿನೀರು ಬಕೆಟ್ ಕೇಳಿ, ಉಪ್ಪು ಹಾಕಿ ಕಾಲು ಇಳಿಬಿಟ್ಟು ಕೂರಿ. ಮರುದಿನ ಡಂಬುಲ್ಲ ಇಟ್ಟುಕೊಂಡಿದ್ದರೆ ಏಳು ಗಂಟೆಗೆ ವ್ಯಾನ್ ಬಾಗಿಲಿಗೆ ಬರಲಿ ಎಂದು ಡ್ರೈವರ್‌ಗೆ ಮಲಗುವ ಮೊದಲೇ ಹೇಳಿಬಿಡಿ.